ಪಟ್ಟಿಯಲ್ಲಿಲ್ಲದ ಟೇಲರಮ್ಮ

ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ನಮ್ಮ ಓಣಿಯ ಟೇಲರಮ್ಮ ಮಾತಾಡುತ್ತಿದ್ದರು. ಒಂದಾದರೂ ಗಂಟಲಿಗೆ ಇಳಿದರೆ ಏನು ಗತಿ ಎಂದು ನಾನು ಬೆವರುತ್ತಿದ್ದೆ. ಅವರಿಗೆ ಅದಕ್ಕೇ ನನ್ನ ಮೇಲೆ ತಾತ್ಸಾರ.

ಅವರು ಬರೆಯದ ಬಗೆಯೇ ಸಿಂಧನೂರಿನಲ್ಲಿ ಇರಲಿಲ್ಲ. ಬಳಗಾನೂರಿನ ಶಾಲೆಗೆ ನಾಟಕ, ಮಸ್ಕಿಯ ಭಜನಾ ಮಂಡಳಿಗೆ ಪದ, ಮೊಹರಂಗೆ ಹಾಡು, ಲಿಂಗಸುಗೂರಿನ ಲೀಡರಿಗೆ ಭಾಷಣ. ಎಲ್ಲವೂ ಬ್ಲೌಸಿನ ಅಳತೆ ಗೀಚಿದ ಹಾಳೆಯ ಹಿಂಬದಿಯಲ್ಲಿ. ಬರೆದು ಹರಿದು ಕೊಟ್ಟುಬಿಡುತ್ತಿದ್ದರು, ವೇದಿಕೆಯಲ್ಲಿ ಓದಿದವನೇ ಕವಿ ಅನ್ನಿಸಿಕೊಳ್ಳುತ್ತಿದ್ದ.

ನಾನು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. ನೂರು ವರ್ಷದ ಹಿಂದೆ ಕಾದಂಬರಿ, ಕವಿತೆ, ನಾಟಕ, ಅಂಕಣ ಎಲ್ಲವನ್ನೂ ಬರೆದ ಅಮೆರಿಕದ ಲೇಖಕಿಯೊಬ್ಬಳ ಮೇಲೆ ಏಳು ವರ್ಷ ಒದ್ದಾಡಿ ಡಾಕ್ಟರೇಟ್ ಪಡೆದವನು. ಆಕೆ 'ಬಹುಮುಖ ಪ್ರತಿಭೆ' ಎಂದು ಪುಟಪುಟಕ್ಕೂ ಬರೆದಿದ್ದೆ, ಓಣಿಯವರಿಗೆಲ್ಲ ಹೇಳಿಕೊಂಡೂ ತಿರುಗಿದ್ದೆ. ಅಷ್ಟಕ್ಕೇ ಸಾಹಿತ್ಯ ಸಂಘದವರು ತಾಲ್ಲೂಕಿನ ಸಾಹಿತಿಗಳ ಪರಿಚಯ ಪುಸ್ತಕಕ್ಕೆ ನನ್ನನ್ನು ಸಂಪಾದಕನನ್ನಾಗಿ ಮಾಡಿದರು.

ಒಂದು ಮಧ್ಯಾಹ್ನ ಟೇಲರಮ್ಮ ಮನೆಗೆ ಬಂದರು. ಅವರು ಯಾರನ್ನೂ ಏನೂ ಕೇಳಿದವರಲ್ಲ.

"ಸರ, ಆ ಪುಸ್ತಕದಾಗ ನಂದೂ ಒಂದು ಹೆಸರು ಹಾಕ್ರಿ. ಒಂದ ಸಾಲು ಸಾಕು."

ಕವಿಗಳ ಸಾಲಿಗೆ ಸೇರಿಸಿದರೆ ಕವಿಗಳು ಮುನಿದಾರು, ನಾಟಕದವರ ಸಾಲಿಗೆ ಸೇರಿಸಿದರೆ ಅವರು ನಕ್ಕಾರು ಎಂಬ ಚಿಂತೆ ನನಗೆ.

"ನೀವು ಯಾವ ವಿಭಾಗದಾಗೂ ಕುಂದ್ರಂಗಿಲ್ಲ ಬಿಡ್ರಿ. ಕೈಗೆ ಸಿಕ್ಕಿದ್ದೆಲ್ಲಾ ಬರೀತೀರಿ" ಎಂದೆ.

"ಅಮೆರಿಕಾದಾಕಿ ಎಲ್ಲಾ ಬರದ್ರ ಬಹುಮುಖ. ನಾ ಬರದ್ರ ಕೈಗೆ ಸಿಕ್ಕಿದ್ದು. ಭಾಳ ಚಲೋ ಓದೀರಿ, ಸರ." ಚಹಾ ಮುಟ್ಟದೆ ಎದ್ದು ಹೋದರು.

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಸಂಘದ ಅಧ್ಯಕ್ಷರ ಮುನ್ನುಡಿ ಬಂತು. ಅಧ್ಯಕ್ಷರೆಂದರೆ ಅಕ್ಕಿ ಗಿರಣಿಯ ಸಾಹುಕಾರರು. ಸಹಿ ಹಾಕುವುದಕ್ಕೂ ತಿಣುಕುವವರು. ನಮ್ಮ ಕಡೆ ಮುನ್ನುಡಿಗೆ ದೊಡ್ಡವರ ಹೆಸರಿದ್ದರೆ ಸಾಕು, ಬರೆದವರು ಯಾರೆಂದು ಕೇಳುವ ರೂಢಿಯಿಲ್ಲ. ಹಾಳೆ ತಿರುವಿದೆ: ಹಿಂಬದಿಯಲ್ಲಿ ಯಾರದೋ ತೋಳಿನ ಅಳತೆ. ಮುಂಬದಿಯಲ್ಲಿ, ಪಟ್ಟಿಯಲ್ಲಿದ್ದ ಅಯೋಗ್ಯರಲ್ಲಿ ಒಬ್ಬೊಬ್ಬರಿಗೂ ಅವರ ಯೋಗ್ಯತೆಗೆ ಮೀರಿದ ಸೊಗಸಾದ ಮಾತು. ಸಂಪಾದಕನಿಗೂ ಎರಡು ಸಾಲು. ನಾನು ಒಂದು ಅಲ್ಪವಿರಾಮ ತಿದ್ದಿ, ಸಾಹುಕಾರರ ಫೋಟೊ ಅಂಟಿಸಿ ಕಳಿಸಿಬಿಟ್ಟೆ.

ಹೋದ ವರ್ಷ ಟೇಲರಮ್ಮ ತೀರಿಕೊಂಡರು. ಮಣ್ಣಿಗೆ ಆ ಪಟ್ಟಿಯ ಸಾಹಿತಿಗಳಲ್ಲಿ ಒಬ್ಬರೂ ಬರಲಿಲ್ಲ. ನಾನು ಹೋಗಿದ್ದೆ, ಎಲ್ಲರ ಹಿಂದೆ ನಿಂತಿದ್ದೆ.

ಪುಸ್ತಕ ಓದಿದವರು ಈಗಲೂ ಸಿಗುತ್ತಾರೆ. "ಉಳಿದದ್ದೇನೋ ಬಿಡ್ರಿ, ಮುನ್ನುಡಿ ಮಾತ್ರ ಭಾಳ ಚಲೋ ಐತಿ" ಅನ್ನುತ್ತಾರೆ.

"ಹೌದ್ರಿ" ಅನ್ನುತ್ತೇನೆ. "ಸಾಹುಕಾರರ ಕೈ ಚಲೋ ಐತಿ."