ಹೂವರಳಿದ ತೋಟದೊಳಗೆ ಇಬ್ಬರು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ಸಂಕೋಚಪಟ್ಟು ಹೇಳುತ್ತಿಲ್ಲ. ಬಣಕಲ್ ಹತ್ತಿರದ ನಮ್ಮ ನಾಲ್ಕು ಎಕರೆ ತೋಟದ ಒಂದೊಂದು ಕಾಫಿ ಗಿಡಕ್ಕೂ ಗುಂಡಿ ತೋಡಿದ್ದು ನಾನೇ. ಮೂವತ್ತು ದಾಟಿದ ಮೇಲೆ ಕತೆ ಬರೆಯಲು ಕುಳಿತಾಗಲೂ ಯಾರ ಹತ್ತಿರವೂ ಹೇಳಿಸಿಕೊಳ್ಳಲು ಹೋಗಲಿಲ್ಲ.

ನಮ್ಮ ಮನೆಯದು ಒಂದೇ ಪದ್ಧತಿ. ಬೆಳಿಗ್ಗೆ ನಾನು ಬರೆಯುವುದು, ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಅದನ್ನು ಗಟ್ಟಿಯಾಗಿ ಓದುವುದು. ಅವಳು ಎಸ್ಸೆಸ್ಸೆಲ್ಸಿ ಪಾಸು. ನನ್ನ ಅಕ್ಷರ ಬಿಡಿಸಲು ಅವಳೊಬ್ಬಳಿಗೇ ಬರುತ್ತಿತ್ತು. ಅವಳು ಗೋಡೆಗೆ ಒರಗಿ, ಕಾಲು ನೀಡಿ ಓದುವಾಗ ನಾನು ಕತ್ತಿ ಮಸೆಯುತ್ತಲೋ ಕಾಳುಮೆಣಸು ಕೇರುತ್ತಲೋ ಕೇಳುತ್ತಿದ್ದೆ. ಸುಮ್ಮನೆ ಕೈಕಟ್ಟಿ ಕುಳಿತು ಹೊಗಳಿಸಿಕೊಳ್ಳುವುದು ನನ್ನಿಂದಾಗದ ಕೆಲಸ.

ತೊಂಬತ್ತರ ದಶಕದ ಕೊನೆಯ ಒಂದು ಮಾರ್ಚ್ ತಿಂಗಳು. ವಾರಪತ್ರಿಕೆಯೊಂದರ ಸಂಪಾದಕರು, ಕಾದಂಬರಿಯ ಮೊದಲ ಅಧ್ಯಾಯ ಸೋಮವಾರದೊಳಗೆ ಕೈಸೇರಿದರೆ ಧಾರಾವಾಹಿಯಾಗಿ ಹಾಕುತ್ತೇವೆ, ಇಲ್ಲವಾದರೆ ಆ ಜಾಗ ಬೇರೆಯವರಿಗೆ ಎಂದು ಕಾಗದ ಬರೆದಿದ್ದರು. ಶುಕ್ರವಾರದ ಟಪಾಲಿಗೆ ಅದು ಹೊರಡಲೇಬೇಕು. ಗುರುವಾರ ಮಧ್ಯಾಹ್ನ ಹೆಂಡತಿ ಓದತೊಡಗಿದಳು. ಕಾಫಿ ತೋಟ ಹೂವಾಗಿ ಬೆಳ್ಳಗೆ ನಿಂತಿದೆ. ಹುಡುಗ, ಹುಡುಗಿ ಗಿಡಗಳ ನಡುವೆ ಮೊದಲ ಸಲ ಭೇಟಿಯಾಗುತ್ತಾರೆ. ಅವನು ಕೊಂಬೆ ಅಲುಗಿಸಿ ಅವಳ ಮುಡಿಯ ಮೇಲೆ ಹೂ ಉದುರಿಸುತ್ತಾನೆ.

ಅಲ್ಲಿಗೆ ಓದು ನಿಂತಿತು.

"ಇವ್ರನ್ನ ಒಳಗೆ ಬಿಟ್ಟೋರು ಯಾರು?"

"ಕತೆ ಮಾರಾಯ್ತಿ ಅದು. ಬಿಡೋಕೆ ಅಲ್ಲೇನು ಗೇಟ್ ಉಂಟಾ?"

"ಕೊಂಬೆ ಬೇರೆ ಅಲ್ಲಾಡಿಸ್ತಾನಲ್ರೀ! ನಮ್ಮ ತೋಟ ಆಗಿದ್ರೆ ನೀವು ಅವನ ಕಾಲು ಮುರೀತಿದ್ರಿ."

ಒಂಬತ್ತನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದ ಮಗಳು ಪುಸ್ತಕದೊಳಗೇ ಕಿಸಕ್ಕೆಂದಳು. "ಅಪ್ಪ, ಅವ್ನು ಪ್ರೀತಿ ಮಾಡ್ತಾ ಮಾಡ್ತಾ ಒಂದು ಮೂಟೆ ಕಾಫಿ ಉದುರಿಸ್ತಾನೆ."

ನಮ್ಮ ಕಡೆ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಅರಳುತ್ತದೆ. ಅರಳಿದ ಮೂರು ನಾಲ್ಕು ದಿನ ಯಾರೂ ಗಿಡಗಳ ನಡುವೆ ಕಾಲಿಡುವುದಿಲ್ಲ. ಮೈ ತಾಗಿ ಹೂ ಕದಡಿದರೆ ಕಾಯಿ ಕಚ್ಚುವುದಿಲ್ಲ. ಆಳುಗಳನ್ನು ಬೇಲಿಗೋ ಸೌದೆಗೋ ಕಳಿಸುತ್ತೇವೆ. "ಈ ನಾಲ್ಕು ದಿನ ಜೇನಿಗೆ ಮಾತ್ರ ಹಾಜರಿ" ಎನ್ನುತ್ತಿದ್ದರು ನಮ್ಮಪ್ಪ. ಇದೆಲ್ಲ ನನಗೆ ಗೊತ್ತಿಲ್ಲದ್ದೇ? ಆದರೆ ನಾನು ಓದಿದ ಪುಸ್ತಕಗಳಲ್ಲಿ ವಸಂತ ಬಂತೆಂದರೆ ಪ್ರೇಮಿಗಳು ಹೂವಿನ ನಡುವೆ ಓಡಾಡಲೇಬೇಕಿತ್ತು.

"ಪೇಟೆಯೋರಿಗೆ ಇದೆಲ್ಲ ಎಂತ ಗೊತ್ತಾಗ್ತದೆ?" ಎಂದೆ.

"ಬಣಕಲ್ಲಿಗೆ ಪತ್ರಿಕೆ ಬರಲ್ವಾ? ಏಳನೇ ಕ್ಲಾಸು ಅಂತ ಗೊತ್ತಿತ್ತು ಮಾರಾಯ, ತೋಟನೂ ಗೊತ್ತಿಲ್ಲ ಅಂತ ಈಗ ಗೊತ್ತಾಯ್ತು ಅಂತಾರೆ ಊರೋರು."

ಈ ಮಾತು ನಾಟಿತು. ನಮ್ಮ ತೋಟ ಹಿಂದಿನ ದಿನವಷ್ಟೇ ಅರಳಿತ್ತು. "ಒಬ್ಬ ಮನುಷ್ಯ ಹೊಕ್ಕರೆ ಎಷ್ಟು ಉದುರ್ತದೆ, ಈಗಲೇ ನೋಡ್ತೀನಿ" ಎಂದು ಎದ್ದು ಹೊರಟೆ. ಅಂಗಳದಂಚಿಗೇ ತೋಟ ಶುರು. ಅವಳ ಕಣ್ಣೆದುರು ಹೊಗಲು ಮನಸ್ಸಾಗದೆ ಬೇಲಿ ಸುತ್ತಿ ಕೆಳಗಿನ ತುದಿಗೆ ಹೋದೆ. ಗಿಡ ಗಿಡವೂ ಬೆಳ್ಳಗೆ. ಜೇನಿನ ಸದ್ದಿಗೆ ಕಿವಿ ಗುಂಯ್ ಎನ್ನುತ್ತಿತ್ತು. ಕಾಲೆತ್ತಿದೆ. ಎತ್ತಿದ ಕಾಲನ್ನು ಎತ್ತಿದಲ್ಲೇ ಇಳಿಸಿದೆ. ಇನ್ನೊಮ್ಮೆ ನೋಡಿದೆ. ಆಗಲಿಲ್ಲ.

ಅಷ್ಟರಲ್ಲಿ ಹೆಂಡತಿ ಮೇಲೆ ಅಂಗಳದಂಚಿಗೆ ಬಂದು ನಿಂತಳು. ನಮ್ಮಿಬ್ಬರ ನಡುವೆ ಇಡೀ ತೋಟ.

"ಹೊಕ್ಕಿದ್ರಾ?" ಎಂದು ಕೂಗಿದಳು.

"ಇಲ್ಲ!"

"ಏನಂದ್ರಿ? ಕೇಳಲ್ಲ!"

ಮತ್ತೆ ಕೂಗಿದೆ. ಅವಳು ಕಿವಿಗೆ ಕೈಯಿಟ್ಟು ನಗುತ್ತಿದ್ದಳು. ಮದುವೆಯಾಗಿ ಹದಿನಾರು ವರ್ಷವಾಗಿದ್ದ ಹೆಂಡತಿಯನ್ನು ಅಷ್ಟು ದೂರದಿಂದ, ಅಷ್ಟು ಹೊತ್ತು ನಾನು ನೋಡಿಯೇ ಇರಲಿಲ್ಲ. ಅಧ್ಯಾಯ ಸಿಕ್ಕಿದ್ದು ಅಲ್ಲಿ.

ಶುಕ್ರವಾರ ಬೆಳಿಗ್ಗೆ ಐದು ಪುಟ ಹರಿದು ಹೊಸದಾಗಿ ಬರೆದೆ. ಹುಡುಗ ಕೆಳಗಿನ ತುದಿಯಲ್ಲಿ, ಹುಡುಗಿ ಮೇಲೆ; ನಡುವೆ ಅರಳಿದ ತೋಟ. ಅರ್ಧ ಮಾತು ಜೇನಿನ ಪಾಲು. ಹೆಂಡತಿ ಎಲ್ಲೂ ನಿಲ್ಲಿಸದೆ ಕೊನೆಯವರೆಗೂ ಓದಿದಳು.

"ಪಾಪ, ಹೂ ಬಾಡೋ ತನಕ ಕಾಯ್ಬೇಕಾ?"

"ಕಾಯ್ಲಿ. ವಯಸ್ಸುಂಟಲ್ಲ."

"ಸರಿ, ಟಪಾಲಿಗೆ ಹಾಕಿ" ಎಂದಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಮನೆಯಲ್ಲಿ ಇಲ್ಲ.

ಗಂಟೆ ನೋಡಿದರೆ ಎರಡೂವರೆ. ಮೂರೂವರೆಗೆ ಟಪಾಲು ಚೀಲ ಬಸ್ಸು ಹತ್ತುತ್ತದೆ. ನಮ್ಮ ಮನೆಯಿಂದ ರಸ್ತೆಗೆ ಹತ್ತಿರದ ಕಾಲುದಾರಿ ತೋಟದೊಳಗೇ ಇದೆ. ಎರಡೂ ಬದಿಯ ಗಿಡಗಳ ರೆಕ್ಕೆಗಳು, ಅಂದರೆ ಅಡ್ಡಕೊಂಬೆಗಳು, ಭುಜಕ್ಕೆ ತಾಗುವಷ್ಟು ಕಿರಿದು. ಸುತ್ತು ಬಂದರೆ ಇಪ್ಪತ್ತು ನಿಮಿಷ ಹೆಚ್ಚು. ಕವರನ್ನು ಅಂಗಿಯೊಳಗೆ ಸೇರಿಸಿ, ಪಂಚೆ ಎತ್ತಿ ಕಟ್ಟಿ, ಸುತ್ತು ದಾರಿಯಲ್ಲೇ ಓಡಿದೆ.

ಅಂಚೆ ಕಚೇರಿ ಹೊಕ್ಕಾಗ ಪೋಸ್ಟ್ ಮಾಸ್ಟರು ಚೀಲದ ಬಾಯಿಗೆ ದಾರ ಸುತ್ತುತ್ತಿದ್ದರು. ನನ್ನ ಬೆವರು ನೋಡಿ ದಾರ ಬಿಚ್ಚಿದರು.

"ಒಳದಾರೀಲಿ ಬರೋದಲ್ವಾ ಮಾರಾಯ್ರೆ? ಎಂತಕ್ಕೆ ಈ ಓಟ?"

"ತೋಟ ಹೂವಾಗಿದೆ" ಎಂದೆ.

ಅವರಿಗೂ ಎರಡು ಎಕರೆ ಕಾಫಿ ಇತ್ತು. ಮತ್ತೇನೂ ಕೇಳದೆ ಕವರಿನ ಮೇಲೆ ಠಸ್ಸೆ ಒತ್ತಿದರು.