ನಾಲ್ಕು ಪೈ ತಪ್ಪೆಂದು ಬರೆದ ಅರ್ಜಿ

ತಂಗಿಯ ಮಗಳು ಹುಬ್ಬಳ್ಳಿಯ ಹಳೆಯ ಪುಸ್ತಕದಂಗಡಿಯಿಂದ ತಂದ ವಿದ್ಯುತ್ಕಾಂತತೆಯ ಪುಸ್ತಕವನ್ನು ನನ್ನ ಮುಂದೆ ತೆರೆದಾಗ ಮೊದಲು ಮೂಗಿಗೆ ಬಂದದ್ದು ಬೈಂಡಿಂಗಿನ ಅಂಟಿನ ವಾಸನೆ, ಮೈದಾ ಹಿಟ್ಟು ಹುಳಿತಂಥದು. ಆಮೇಲೆ ಕಣ್ಣಿಗೆ ಬಿದ್ದದ್ದು ಸಮೀಕರಣದ ಬಲಬದಿಯ ನಾಲ್ಕು ಪೈ (4π). ಅವಳು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ.

"ಮಾಮಾ, ನಮ್ಮ ನೋಟ್ಸಿನ್ಯಾಗ ಈ ನಾಲ್ಕು ಪೈ ಇಲ್ಲ. ಪುಸ್ತಕ ತಪ್ಪೈತೋ, ನಮ್ಮ ಮೇಡಂ ತಪ್ಪೋ?"

ಇದೇ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿದ್ದೆ. ಕೇಳಬಾರದವರ ಹತ್ತಿರ ಕೇಳಿದ್ದೆ...

ನಮಗೆ ಆ ವಿಷಯ ಕಲಿಸುತ್ತಿದ್ದ ಸರ್ ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಆಯ್ಕೆಯಾಗಬೇಕಾದವರು. ರಾಜೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ತೆಳ್ಳಗಿದ್ದರು ಎಂದು ಬರೆಯಹೊರಟೆ, ಖಾತ್ರಿಯಿಲ್ಲ. ನಮ್ಮಿಂದ ಅನ್ಯಾಯಕ್ಕೊಳಗಾದವರನ್ನು ನೆನಪು ಬೇಕೆಂದೇ ಬಡಕಲು ಮಾಡುತ್ತದೆ. ಖಾತ್ರಿಯಿರುವುದು ಇಷ್ಟು: ಕಾಂತಕ್ಷೇತ್ರದ ದಿಕ್ಕು ತೋರಿಸುವಾಗ ಸೀಮೆಸುಣ್ಣವನ್ನು ಎಡಗೈಗೆ ದಾಟಿಸಿ, ಬಲಗೈ ಬೆರಳುಗಳನ್ನು ನಿಧಾನವಾಗಿ ಮಡಚುತ್ತಿದ್ದರು.

ನಾಲ್ಕು ಪೈ ಬರುವುದು ಹಳೆಯ ಅಳತೆಯ ಪದ್ಧತಿಯಲ್ಲಿ. ಅವರು ಅದರಲ್ಲೇ ಕಲಿಸುತ್ತಿದ್ದರು. ಮೊದಲ ದಿನವೇ ಹೇಳಿದ್ದರು: "ವಿದ್ಯುತ್ತು, ಕಾಂತ ಇಬ್ಬರೂ ಅಣ್ಣತಮ್ಮ. ಇದರಾಗ ಇಬ್ಬರನ್ನೂ ಒಂದ ಅಳತಿಲೆ ಅಳೀತೀವಿ, ಬೆಳಕಿನ ವೇಗ ತಾನ ಕಣ್ಣಿಗೆ ಕಾಣ್ತೈತಿ. ಪರೀಕ್ಷಾಕ್ಕ ಹೊಸಾ ಪದ್ಧತಿ ಬರೀಬೇಕು. ಬದಲಿ ಮಾಡೋದು ಕಡೀಕ ಹೇಳಿಕೊಡ್ತೀನಿ."

ಆ ಕಡೆಯ ಪಾಠಕ್ಕಿಂತ ಮೊದಲೇ ನಮ್ಮ ಕೈಗೆ ಗೈಡ್ ಬಂತು. ಅದರಲ್ಲಿ ನಾಲ್ಕು ಪೈ ಇರಲಿಲ್ಲ. ಬದಲಿಗೆ ಕೆಳಗೆ, ಛೇದದಲ್ಲಿ, ಎಪ್ಸಿಲಾನ್ ಕೂತಿತ್ತು.

"ಮೂರು ತಿಂಗಳಿಂದ ತಪ್ಪ ಬರಸ್ಯಾನಲೇ!" ಅಂದ ನರಗುಂದದ ಗೆಳೆಯ. "ಪ್ರಾಚಾರ್ಯರಿಗೆ ಅರ್ಜಿ ನೀ ಬರಿ. ನಿನ್ನ ಅಕ್ಷರ ಚಲೋ ಅದಾವು."

ಬರೆದೆ. ಎರಡು ಕಾಲಂ ಹಾಕಿ, ಸರ್ ಬರೆಸಿದ್ದು ಮತ್ತು ಗೈಡಿನಲ್ಲಿರುವುದು ಎಂದು ಒಂಬತ್ತು ಸಮೀಕರಣ ಜೋಡಿಸಿದೆ. ಆ ವಿಷಯದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಾನು ಇನ್ನೇನನ್ನೂ ಬರೆಯಲಿಲ್ಲ.

ಪ್ರಾಚಾರ್ಯರು ಸರ್ ಅವರನ್ನೂ ನಮ್ಮೆಲ್ಲರನ್ನೂ ಕೋಣೆಗೆ ಕರೆಸಿದರು. ಅವರು ಇತಿಹಾಸ ಓದಿದವರು. "ಹುಡುಗೂರು ಪಾಸಾಗಬೇಕಲ್ರಿ ಸರ್," ಅಂದರು. ಸರ್ ಅರ್ಜಿ ಓದಿದರು. ನಕ್ಕರೇ?... ನಕ್ಕಂತೆ ನೆನಪು.

"ಎರಡೂ ಕಾಲಂ ಖರೇನ ಅದಾವ್ರಿ. ಅಳತಿ ಬ್ಯಾರೆ, ಅಷ್ಟ."

"ಎರಡೂ ಖರೇ ಹ್ಯಾಂಗ್ರಿ?"

ಆಗ ಸರ್ ನನ್ನ ಕಡೆ ತಿರುಗಿದರು. "ನೀನ ಹೇಳಪಾ. ಮೊದಲನೇ ದಿನ ನಾ ಏನ್ ಹೇಳಿದ್ದೆ?"

ಆ ಮೊದಲ ದಿನ ನಾನು ತರಗತಿಯಲ್ಲಿ ಇರಲಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಜ್ವರವಿತ್ತು, ಇಟಗಿಗೆ ಹೋಗಿದ್ದೆ, ಹೀಗೆ ಒಮ್ಮೊಮ್ಮೆ ಒಂದೊಂದು. ನಾನು ಇದ್ದೆ. ಎರಡನೇ ಬೆಂಚು. ಅವರ ಮಾತನ್ನು ಬರೆದುಕೊಂಡೂ ಇದ್ದೆ. ಅರ್ಜಿ ಬರೆಯುವಾಗ ಅದು ಮರೆತಿತ್ತೋ ಇಲ್ಲವೋ, ಆಣೆ ಮಾಡಲಾರೆ. ಆದರೆ ಅವರು ಕೇಳಿದ ಕ್ಷಣದಲ್ಲಿ ನೆನಪಿತ್ತು. ಗೆಳೆಯರು ನನ್ನ ಬೆನ್ನ ಹಿಂದೆ ನಿಂತಿದ್ದರು.

"ನೆನಪಿಲ್ರಿ ಸರ್," ಅಂದೆ.

ಉಳಿದ ಪಾಠಗಳನ್ನು ಬೇರೊಬ್ಬರಿಗೆ ಕೊಟ್ಟರು. ಮರುವರ್ಷ ಅವರ ಆಯ್ಕೆಯಾಗಲಿಲ್ಲ. ರೋಣದ, ಗಜೇಂದ್ರಗಡದ ಕಾಲೇಜುಗಳಲ್ಲಿ ಕೆಲಸ ಕೇಳಿದರಂತೆ. ತಪ್ಪು ಕಲಿಸುವವರು ಎಂಬ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು.

ಕೆಲವು ವರ್ಷಗಳ ನಂತರ ನರಗುಂದದಲ್ಲಿ ಪೈಪು ಕೊಳ್ಳಲು ಒಂದು ಅಂಗಡಿಗೆ ಹೋದೆ. ಅದು ಅವರ ಅಣ್ಣನ ಅಂಗಡಿಯೆಂದು ಗೊತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಸರ್ ನಿಂತಿದ್ದರು. ಗುರುತು ಹಿಡಿದರು.

"ಇಂಚಿನ್ಯಾಗೋ, ಮಿಲಿಮೀಟರಿನ್ಯಾಗೋ? ಮೊದಲ ಹೇಳಿಬಿಡು ನೋಡಪಾ, ಇಲ್ಲಂದ್ರ ನನ್ನ ಮ್ಯಾಲೆ ಮತ್ತ ಅರ್ಜಿ ಬೀಳ್ತೈತಿ."

ಅಣ್ಣ ಏನೂ ತಿಳಿಯದೆ ನಕ್ಕರು. "ಒಂದು ಇಂಚಿಂದ್ರಿ," ಅಂದೆ. ಅಷ್ಟೇ ಅಂದೆ. ಅಲ್ಲಿ ನಾನು ಕ್ಷಮೆ ಕೇಳಿದ ಇನ್ನೊಂದು ನೆನಪೂ ನನ್ನಲ್ಲಿದೆ. ಅದರಲ್ಲಿ ಅವರು ಚಹಾ ತರಿಸುತ್ತಾರೆ. ಅದು ನಾನು ಕಟ್ಟಿಕೊಂಡದ್ದು.

ಮುಂದಿನ ಸಲ ಹೋದಾಗ ಅಣ್ಣ ಒಬ್ಬರೇ ಇದ್ದರು. "ತಮ್ಮ ತೀರಿಕೊಂಡಾನ್ರಿ. ಎದೀ ಹಿಡಕೊಂಡು ಕುಂತ... ದವಾಖಾನಿ ಮುಟ್ಟಲಿಲ್ಲ."

ತಂಗಿಯ ಮಗಳಿಗೆ ಎರಡೂ ಸರಿ ಎಂದು ಹೇಳಿದೆ. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವುದನ್ನು ತೋರಿಸಲು ಹೊರಟೆ; ಕಾಂತಕ್ಷೇತ್ರಕ್ಕೆ ಬರುವಷ್ಟರಲ್ಲಿ ಪೆನ್ನು ನಿಂತಿತು.

"ನಿಮ್ಮ ಸರ್ ಇದನ್ನ ಕಲಿಸಲಿಲ್ಲೇನ ಮಾಮಾ?"

"ಕಲಿಸಾವ್ರಿದ್ರು. ನಾ ಬಿಡಲಿಲ್ಲ."

ಎಲ್ಲವನ್ನೂ ಹೇಳಿದೆ. ಪ್ರಾಚಾರ್ಯರ ಕೋಣೆಯಲ್ಲಿ ನಾನು ಆಡಿದ ಮಾತನ್ನೂ ಹೇಳಿದೆ. ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

"ಉಳಿದದ್ದು ನಾನ ನೋಡ್ಕೋತೀನಿ, ಬಿಡು," ಅಂದಳು.