ಪಾಲಮ್ಮಜ್ಜಿಗೆ ಏನೂ ಗೊತ್ತಿಲ್ಲ ಅಂತ ಸಹಿ ಹಾಕಬೇಕಂತೆ

ಮೂರು ವಾರದ ಹಿಂದಿನ ಭಾನುವಾರ, ಮಧ್ಯಾಹ್ನ ಒಂದೂ ಕಾಲು ಗಂಟೆಗೆ, ನಾನು ಒಳಗೆ ಕೂತಿರುವಾಗಲೇ ನನ್ನ ಕ್ವಾರ್ಟರ್ಸ್ ಬಾಗಿಲನ್ನು ಹಾರೆ ಹಾಕಿ ಮೀಟಿದರು.

ಕಳ್ಳರಲ್ಲ. ನನ್ನ ಜೀವ ಉಳಿಸಲು ಬಂದವರು! ಆ ಗಲಾಟೆಯಲ್ಲಿ ನನ್ನ ಎರಡು ವರ್ಷದ ಓದು ನೀರಿಗೆ ಬೀಳುವ ಹಾಗಾಗಿದೆ. ಮೈಯೆಲ್ಲ ಉರಿಯುತ್ತಿದೆ. ಆದರೆ ಸಿಟ್ಟು ಹಾರೆ ಹಿಡಿದು ಬಂದವರ ಮೇಲಲ್ಲ. ಯಾರ ಮೇಲೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

ನನ್ನ ಮನೆ ಚಳ್ಳಕೆರೆಯಲ್ಲಿ, ಕೆಲಸ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯ ಒಂದು ಉಪಕೇಂದ್ರದಲ್ಲಿ, ನರ್ಸ್ ಅಂತ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ ಸಂಗತಿ ಒಂದಿದೆ. ಎರಡು ವರ್ಷದಿಂದ ನಾನು ಸಾರ್ವಜನಿಕ ಆರೋಗ್ಯದಲ್ಲಿ ಮಾಸ್ಟರ್ಸ್ ಡಿಗ್ರಿ ಓದುತ್ತಿದ್ದೇನೆ. ಆನ್‌ಲೈನ್! (ಯಾರಿಗೂ ಹೇಳಿರಲಿಲ್ಲ. ಫೇಲಾದರೆ ನಗುತ್ತಾರಲ್ಲ ಎಂಬ ಹೆದರಿಕೆ.) ಎಲ್ಲ ಪೇಪರೂ ಮುಗಿದು ಒಂದೇ ಒಂದು ಉಳಿದಿತ್ತು. ಅದರ ಹೆಸರು ‘ಸಮುದಾಯದಲ್ಲಿ ರೋಗ ಕಣ್ಗಾವಲು’. ಅಂದರೆ, ಊರಿನಲ್ಲಿ ಕಾಯಿಲೆ ಹಬ್ಬುತ್ತಿದೆ ಎಂಬುದನ್ನು ಬೇಗ ಪತ್ತೆ ಮಾಡುವುದು ಹೇಗೆ ಎಂಬ ಪಾಠ. ಒಂದು ಪೇಪರಿಗೆ ಎರಡೇ ಅವಕಾಶ. ಎರಡೂ ಹೋದರೆ ಇಡೀ ವರ್ಷ ಮತ್ತೆ ಮೊದಲಿನಿಂದ.

ಆನ್‌ಲೈನ್ ಪರೀಕ್ಷೆ ಅಂದರೆ ಮನೆಯಲ್ಲೇ ಕಾಲು ಚಾಚಿ ಬರೆಯುವುದು ಅಂದುಕೊಂಡಿದ್ದೀರಾ? ಕಾವಲಿಗೆ ಒಂದು ಸಾಫ್ಟ್‌ವೇರ್ ಕೂತಿರುತ್ತದೆ. ಕ್ಯಾಮೆರಾ ನಿಮ್ಮ ಕಣ್ಣು ನೋಡುತ್ತಿರುತ್ತದೆ, ಮೈಕು ಉಸಿರು ಕೇಳುತ್ತಿರುತ್ತದೆ. ತುಟಿ ಅಲುಗಿದರೆ ಕಾಪಿ. ಪಕ್ಕಕ್ಕೆ ತಿರುಗಿದರೂ ಕಾಪಿ.

ಮೊದಲ ಸಲ ಚಳ್ಳಕೆರೆಯ ಮನೆಯಲ್ಲೇ ಕೂತೆ. ಅರ್ಧ ಗಂಟೆ ಆಗಿತ್ತೋ ಇಲ್ಲವೋ, ಕಸದ ಗಾಡಿ ಬಂತು. ಹಾಡು ಹಾಕಿಕೊಂಡೇ ಬಂತು. ಹೋಗಲಿ ಅಂದರೆ, ಹಸಿ ಕಸ ಒಣ ಕಸದ ವಿಷಯದಲ್ಲಿ ನಮ್ಮತ್ತೆ ಡ್ರೈವರ್ ಜೊತೆ ಜಗಳಕ್ಕೆ ನಿಂತರು. ಹಾಡೂ ನಿಲ್ಲಲಿಲ್ಲ, ಅತ್ತೆಯೂ ನಿಲ್ಲಿಸಲಿಲ್ಲ. ‘ಅನುಮಾನಾಸ್ಪದ ಧ್ವನಿ’ ಅಂತ ಮೂರು ಸಲ ಎಚ್ಚರಿಕೆ ಕೊಟ್ಟು ಪರೀಕ್ಷೆ ಬಂದ್ ಆಯಿತು. ಸಾರ್ವಜನಿಕ ಆರೋಗ್ಯದ ಪರೀಕ್ಷೆಗೆ ಕಸದ ಗಾಡಿ ಅಡ್ಡಿಯಂತೆ! ಆವತ್ತು ನಕ್ಕು ಸುಮ್ಮನಾದೆ. ಇನ್ನೊಂದು ಅವಕಾಶ ಇತ್ತಲ್ಲ.

ಎರಡನೇ ಸಲಕ್ಕೆ ಉಪಕೇಂದ್ರದ ಹಿಂದಿರುವ ನನ್ನ ಕ್ವಾರ್ಟರ್ಸೇ ಸರಿ ಅಂದುಕೊಂಡೆ. ಭಾನುವಾರ, ಊರೆಲ್ಲ ಹೊಲದ ಕಡೆ. ಬಾಗಿಲಿಗೆ ಚಿಲಕ ಹಾಕಿ ಅಂದರು, ಹಾಕಿದೆ. ಕಿಟಕಿ ಮುಚ್ಚಿ ಅಂದರು, ಮುಚ್ಚಿದೆ. ಕೋಣೆ ತೋರಿಸಿ ಅಂದರು. ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಹಿಡಿದು ಸುತ್ತಲೂ ತಿರುಗಿಸಿದೆ. ಮಂಚದ ಕೆಳಗಿನ ಈರುಳ್ಳಿ ಬುಟ್ಟಿಯನ್ನೂ ಬಿಡದೆ ತೋರಿಸಿದೆ.

ಆದರೆ ಒಂದು ವಿಷಯ ಮರೆತೆ. ನಮ್ಮ ಕಡೆ ಹಳ್ಳಿಗಳಲ್ಲಿ ಹಗಲು ಹೊತ್ತು ಯಾರೂ ಒಳಗಿಂದ ಚಿಲಕ ಹಾಕುವುದಿಲ್ಲ. ಹೊರಗೆ ಹೋದರೆ ಬೀಗ, ಮನೆಯಲ್ಲಿದ್ದರೆ ತೆರೆದ ಬಾಗಿಲು. ಚಪ್ಪಲಿ ಹೊರಗಿದ್ದು, ಚಿಲಕ ಒಳಗಿದ್ದು, ಕರೆದರೆ ಓಗೊಡದಿದ್ದರೆ ಅದಕ್ಕೆ ಒಂದೇ ಅರ್ಥ. ಒಳಗಿರುವವರು ಏನೋ ಮಾಡಿಕೊಂಡಿದ್ದಾರೆ ಅಂತ. ಅಂಥ ಬಾಗಿಲು ಒಡೆದಾಗ ನಾನೇ ಎರಡು ಸಲ ಓಡಿ ಹೋಗಿದ್ದೇನೆ. ಒಂದು ಕಡೆ ಜೀವ ಉಳಿಯಿತು. ಇನ್ನೊಂದು ಕಡೆ ಉಳಿಯಲಿಲ್ಲ.

ಪಕ್ಕದ ಮನೆ ಪಾಲಮ್ಮಜ್ಜಿ ಕುರಿ ಅಟ್ಟಿಕೊಂಡು ಬಂದವಳು ನನ್ನ ಚಪ್ಪಲಿ ನೋಡಿದಳು, ಬಾಗಿಲು ನೋಡಿದಳು.

‘ಸಿಸ್ಟರಮ್ಮಾ... ಏ ಸಿಸ್ಟರಮ್ಮಾ, ಒಳಗೈದೀಯೇನವ್ವಾ?’

ಕೇಳಿಸಿತು. ಹೂಂ ಅಂದರೆ ಸಾಕಿತ್ತು. ಆದರೆ ತುಟಿ ಅಲುಗಿದರೆ ಕಾಪಿ! ಉಸಿರು ಬಿಗಿಹಿಡಿದು ಸ್ಕ್ರೀನ್ ನೋಡುತ್ತಾ ಕೂತೆ. ಅಜ್ಜಿ ಕಿಟಕಿಯ ಸಂದಿನಲ್ಲಿ ಇಣುಕಿದಳು. ಮುಚ್ಚಿದ ಕೋಣೆಯಲ್ಲಿ, ಮುಖದ ಮೇಲೆ ನೀಲಿ ಬೆಳಕು ಬಿದ್ದು, ರೆಪ್ಪೆ ಹೊಡೆಯದೆ ಕೂತ ನಾನು ಅವಳಿಗೆ ಹೇಗೆ ಕಂಡಿರಬೇಡ? ಹತ್ತೇ ನಿಮಿಷದಲ್ಲಿ ತಮ್ಮನ ಮಕ್ಕಳಿಬ್ಬರನ್ನು ಹಾರೆ ಸಮೇತ ಕರೆತಂದಳು.

ಚಿಲಕ ಕಿತ್ತು ಬಂತು. ಅಜ್ಜಿ ಒಳಗೆ ನುಗ್ಗಿದವಳೇ ಒಂದು ಚೊಂಬು ನೀರು ನನ್ನ ನೆತ್ತಿಗೆ ಸುರಿದಳು. ಬುಟ್ಟಿಯಿಂದ ಈರುಳ್ಳಿ ತೆಗೆದು ಗುದ್ದಿ ಮೂಗಿಗೆ ಹಿಡಿದಳು. ‘ಏಮಾಯೆ ತಲ್ಲೀ! ಏನ್ ಕುಡ್ದೀಯವ್ವಾ? ಉಗುಳು, ಉಗುಳು!’

ಸ್ಕ್ರೀನ್ ಕೆಂಪಾಯಿತು. ‘ಅನಧಿಕೃತ ವ್ಯಕ್ತಿಗಳು ಪತ್ತೆ.’ ಇನ್ನೂ ನಲವತ್ತು ನಿಮಿಷ ಬಾಕಿ ಇರುವಾಗಲೇ ಪರೀಕ್ಷೆ ಮುಗಿಯಿತು.

ವಿಷಯ ತಿಳಿದು ಅಜ್ಜಿ ಹಣೆ ಹಣೆ ಬಡಿದುಕೊಂಡಳು. ‘ಅಯ್ಯೋ ನನ್ನ ಕೈ ಸೇದೋಗ! ಬರೆಯಾಕೆ ಕುಂತೀನಿ ಅಂತ ಒಂದ್ ಮಾತು ಅಂದಿದ್ರೆ ಬಾಗ್ಲಾಗೆ ನಾನೇ ಕುಂತ್ಕಂಡು ಒಂದು ನಾಯಿನೂ ಸುಳಿಯಾಕೆ ಬಿಡ್ತಿರ್ಲಿಲ್ಲ ಕಣವ್ವಾ.’ ನಿಜ. ಆ ಒಂದು ಮಾತು ಹೇಳದೇ ಇದ್ದದ್ದು ನನ್ನದೇ ತಪ್ಪು. ಒಪ್ಪಿಕೊಳ್ಳುತ್ತೇನೆ.

ಯೂನಿವರ್ಸಿಟಿಗೆ ಮೇಲ್ ಬರೆದೆ. ಯಂತ್ರ ಉತ್ತರಿಸಿತು. ಮತ್ತೆ ಬರೆದೆ. ಅದೇ ಯಂತ್ರ, ಅದೇ ಉತ್ತರ. ಕೊನೆಗೂ ಮನುಷ್ಯರು ಸಿಕ್ಕಿ ವಿಡಿಯೊ ಕಾಲ್‌ನಲ್ಲಿ ವಿಚಾರಣೆ ಇಟ್ಟರು. ಮೂವರು ಕೂತಿದ್ದರು.

‘ಆ ವ್ಯಕ್ತಿ ನಿಮ್ಮ ಕಿವಿಯ ಹತ್ತಿರ ಏನು ಹೇಳಿದರು?’

‘ಉಗುಳು ಅಂದರು ಸರ್.’

‘ಅದಕ್ಕೂ ಮುಂಚೆ? ಯಾವ ಭಾಷೆ ಅಂತ ಸಾಫ್ಟ್‌ವೇರಿಗೆ ಗೊತ್ತಾಗಿಲ್ಲ.’

‘ಏನಾಯ್ತು ತಾಯಿ ಅಂದರು ಸರ್. ಅಜ್ಜಿಗೆ ಗಾಬರಿಯಾದರೆ ತೆಲುಗು ಬರುತ್ತೆ. ನಮ್ಮ ಕಡೆ ಹಾಗೇ.’

‘ನಿಮ್ಮ ಮುಖದ ಹತ್ತಿರ ಒಂದು ವಸ್ತು ಹಿಡಿದಿದ್ದರಲ್ಲ?’

‘ಈರುಳ್ಳಿ ಸರ್.’

ಮೂವರಲ್ಲಿದ್ದ ಒಬ್ಬ ಮೇಡಂ ಮಾತ್ರ ನಕ್ಕರು. ಉಳಿದಿಬ್ಬರು ಟೈಪ್ ಮಾಡಿಕೊಂಡರು.

ಸುಳ್ಳು ಹೇಳಬಾರದು, ಅವರೂ ದಾರಿ ತೋರಿಸಿದರು. ಒಂದು ಮುಚ್ಚಳಿಕೆ ಕಳಿಸಿದರು. ಅದಕ್ಕೆ ನನ್ನ ಸಹಿ, ಅಜ್ಜಿಯ ಹೆಬ್ಬೆಟ್ಟು ಬಿದ್ದರೆ ಅಲ್ಲಿಯವರೆಗೆ ಬರೆದದ್ದಕ್ಕೆ ಮಾರ್ಕ್ಸ್ ಕೊಡುತ್ತಾರಂತೆ. ಬರೆದದ್ದು ಪಾಸಾಗಲು ಧಾರಾಳವಾಗಿ ಸಾಕು. ಮುಚ್ಚಳಿಕೆಯಲ್ಲಿ ಮೂರೇ ಸಾಲು. ಆ ವ್ಯಕ್ತಿ ನನಗೆ ಉತ್ತರ ಹೇಳಿಕೊಟ್ಟಿಲ್ಲ ಎಂಬುದು ಮೊದಲನೆಯದು. ಸತ್ಯ. ಇನ್ನೊಮ್ಮೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂಬುದು ಎರಡನೆಯದು. ಆಗಲಿ. ಮೂರನೆಯದು ಓದಿದಾಗ ನನ್ನ ತಲೆ ಕೆಟ್ಟಿತು.

‘ಸದರಿ ವ್ಯಕ್ತಿಗೆ ಪರೀಕ್ಷೆಯ ವಿಷಯದಲ್ಲಿ ಯಾವುದೇ ಜ್ಞಾನ ಇರುವುದಿಲ್ಲ.’

ಯಾರಿಗೆ? ಪಾಲಮ್ಮಜ್ಜಿಗೆ?

ಹೋದ ಬೇಸಿಗೆಯ ಕಥೆ ಕೇಳಿ. ಒಂದು ದಿನ ನಾನಿನ್ನೂ ಉಪಕೇಂದ್ರದ ಬೀಗ ತೆಗೆಯುತ್ತಿದ್ದೆ, ಅಜ್ಜಿ ಬಂದು ನಿಂತಳು. ‘ಸಿಸ್ಟರಮ್ಮಾ, ಕೆಳಗ್ಲಕೇರಿ ನಾಲ್ಕು ಮನೆಯೋರು ಹೊತ್ತಾರಿಂದ ಮೂರು ಮೂರು ಸಲ ಚೊಂಬು ಹಿಡ್ಕಂಡು ಗುಡ್ಡದ ಕಡೆ ಹೋಗ್ಯವ್ರೆ. ಮೇಗ್ಲಕೇರಿಯೋರು ಒಂದೇ ಸಲ. ಅವರ ನಲ್ಲಿ ಬ್ಯಾರೆ, ಇವರ ನಲ್ಲಿ ಬ್ಯಾರೆ. ನೀರಾಗೇನೋ ಐತೆ, ನೋಡು ನಡಿಯವ್ವ.’

ನೋಡಿದೆವು. ಕೆಳಗಿನ ಕೇರಿಯ ಪೈಪು ಚರಂಡಿಯಲ್ಲಿ ಒಡೆದಿತ್ತು. ಒಬ್ಬರೂ ಆಸ್ಪತ್ರೆಗೆ ಬರುವ ಮೊದಲೇ ನೀರು ನಿಲ್ಲಿಸಿದೆವು, ಮನೆಮನೆಗೆ ಓಆರ್‌ಎಸ್ ಹಂಚಿದೆವು. ಭೇದಿ ಅಲ್ಲಿಗೇ ನಿಂತಿತು. ಯಾರು, ಎಷ್ಟು ಸಲ, ಯಾವ ನೀರು, ಹೋಲಿಸಿ ನೋಡಲು ಇನ್ನೊಂದು ಕೇರಿ, ಎಲ್ಲವನ್ನೂ ಅಜ್ಜಿ ಕುರಿ ಕಾಯುತ್ತಲೇ ಲೆಕ್ಕ ಹಾಕಿದ್ದಳು. ಇದನ್ನೇ ಹೇಳಿಕೊಡಲು ನಮ್ಮ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಇದೆ!

ಇನ್ನೂ ನಾಚಿಕೆಯ ಮಾತು ಹೇಳಲೇ? ಆವತ್ತು ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆಗೆ ನಾನು ಬರೆದದ್ದು ಇದೇ ಕಥೆ. ಇಂಗ್ಲಿಷಿನಲ್ಲಿ, ಚಂದವಾಗಿ, ಬಾಣದ ಗುರುತಿನ ಚಿತ್ರ ಸಮೇತ. ಅಜ್ಜಿಯ ಹೆಸರು ಬರೆಯಲಿಲ್ಲ. ‘ಸ್ಥಳೀಯ ಮಾಹಿತಿದಾರರೊಬ್ಬರು’ ಅಂತ ಬರೆದು ಮುಂದೆ ಹೋದೆ. ಬುದ್ಧಿ ಅವಳದು, ಮಾರ್ಕ್ಸ್ ನನಗೆ. ಈಗ ಅದೇ ಮಾರ್ಕ್ಸ್ ಕೈಗೆ ಬರಲು ಅವಳಿಗೆ ಏನೂ ಗೊತ್ತಿಲ್ಲ ಅಂತ ಬರೆದುಕೊಡಬೇಕು. ಅದೂ ಸಮುದಾಯವೇ ಎಲ್ಲಕ್ಕೂ ಮೂಲ ಅಂತ ಎರಡು ವರ್ಷ ನನಗೆ ಪಾಠ ಮಾಡಿದವರಿಗೆ! ಇವರ ಪಾಠದಲ್ಲಿ ಸಮುದಾಯ ಬೇಕು. ಕೋಣೆಯೊಳಗೆ ಬಂದರೆ ಮಾತ್ರ ಅನಧಿಕೃತ ವ್ಯಕ್ತಿ.

ಆದರೂ ಕೊನೆಯ ದಿನ ಹತ್ತಿರ ಬಂದಾಗ ನಾನೇನು ಮಾಡಿದೆ ಗೊತ್ತೇ? ಕಾಗದವನ್ನೂ ಇಂಕ್ ಪ್ಯಾಡನ್ನೂ ಹಿಡಿದು ಅಜ್ಜಿಯ ಮನೆಗೆ ಹೋದೆ. ಎರಡು ವರ್ಷದ ನಿದ್ದೆಗೆಟ್ಟ ಓದು ಸ್ವಾಮಿ, ಆಸೆ ಬಿಡುತ್ತದೆಯೇ?

‘ಏನ್ ಬರ್ದೈತೆ, ಓದಿ ಹೇಳವ್ವ’ ಅಂದಳು.

ಮೊದಲ ಎರಡು ಸಾಲು ಓದಿದೆ. ಮೂರನೆಯದಕ್ಕೆ ಬಂದಾಗ ಕಣ್ಣು ಒರೆಸಿಕೊಂಡೆ. ‘ನಿನಗೆ... ಕಾಯಿಲೆ ಕಸಾಲೆ ವಿಷಯ ಏನೂ ಗೊತ್ತಿಲ್ಲ ಅಂತ ಬರೆದೈತೆ ಅಜ್ಜಿ’ ಅಂದೆ.

ಅಜ್ಜಿಯ ಮುಖ ನೋಡಿದೆ. ಬೇಜಾರಿಲ್ಲ, ಸಿಟ್ಟಿಲ್ಲ. ‘ಹಂಗಂದ್ರೆ ನಿಂಗೆ ಪಾಸು ಮಾಡ್ತಾರಾ?’

‘ಮಾಡ್ತಾರೆ.’

‘ಮತ್ಯಾಕೆ ಅಳ್ತೀಯ? ಎಲ್ಲಿ ಒತ್ತಬೇಕು, ತೋರ್ಸು’ ಅಂತ ಹೆಬ್ಬೆಟ್ಟು ಮುಂದೆ ಚಾಚಿದಳು.

ಒತ್ತಿಸಲಿಲ್ಲ. ಆ ಬೆರಳು ಹಿಡಿದು ಮಸಿಗೆ ಅದ್ದುವ ಧೈರ್ಯ ನನಗೆ ಬರಲಿಲ್ಲ. ಮೂರನೇ ಸಾಲು ಹೊಡೆದು ಹಾಕಿ, ‘ಈ ವಿಷಯ ನನಗಿಂತ ಈ ವ್ಯಕ್ತಿಗೆ ಚೆನ್ನಾಗಿ ಗೊತ್ತು, ಇವರ ಹೆಸರು ಪಾಲಮ್ಮ’ ಅಂತ ಬರೆದು, ನಾನೊಬ್ಬಳೇ ಸಹಿ ಹಾಕಿ ಕಳಿಸಿದೆ. ಮೊನ್ನೆ ಉತ್ತರ ಬಂತು. ನಮೂನೆಯನ್ನು ತಿದ್ದುವಂತಿಲ್ಲ, ಶುಕ್ರವಾರದ ಒಳಗೆ ಮೂಲ ಸಾಲಿನ ಸಮೇತ ಕಳಿಸಿ, ಇಲ್ಲವಾದರೆ ಪೇಪರ್ ರದ್ದು.

ಅಜ್ಜಿಗೆ ಏನೂ ಗೊತ್ತಿಲ್ಲ ಅಂತ ನಾನು ಬರೆದುಕೊಟ್ಟರೆ ಮಾತ್ರ, ನನಗೆ ಎಲ್ಲ ಗೊತ್ತು ಅಂತ ಅವರು ಬರೆದುಕೊಡುತ್ತಾರಂತೆ. ನೀವಾಗಿದ್ದರೆ ಸಹಿ ಹಾಕುತ್ತಿದ್ದಿರಾ?